ಕೈಯಜ್ಜನ ಹತ್ತೊಂಬತ್ತು ಕುರಿ

ಒಳಗೆ ಹೋದದ್ದು ಜೀವಂತವಾಗಿ ಹೊರಗೆ ಬರುವ ಹಾಗಿಲ್ಲ ಎನ್ನುವುದು ಆ ಕಸಾಯಿಖಾನೆಯ ಕಾನೂನು. ಮನುಷ್ಯರಿಗೆ ಮಾತ್ರ ವಿನಾಯಿತಿ ಎಂದು ಗೇಟಿನ ಗುಮಾಸ್ತ ಹೊಸಬರಿಗೆಲ್ಲ ತಮಾಷೆ ಮಾಡುತ್ತಿದ್ದ. ಇಪ್ಪತ್ತು ವರ್ಷದಿಂದ ಅದೇ ತಮಾಷೆ, ಅದಕ್ಕೆ ಅವನದೇ ನಗು. ಆ ಶುಕ್ರವಾರ ಬೆಳಿಗ್ಗೆ ಮಾತ್ರ ಅವನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ. ಅವನ ಕಿಟಕಿಯ ಪಕ್ಕದಲ್ಲೇ ನೋಟೀಸು ಅಂಟಿಸಿತ್ತು: ಇವತ್ತೇ ಕೊನೆ, ನಾಳೆಯಿಂದ ಇಲ್ಲಿ ಕೆಲಸವಿಲ್ಲ, ಸುತ್ತಲಿನ ರೈತರು ಇನ್ನು ತಮ್ಮ ಪ್ರಾಣಿಗಳನ್ನು ಕಂಪನಿಯ ದೊಡ್ಡ ಕಾರ್ಖಾನೆಗೆ ಸಾಗಿಸತಕ್ಕದ್ದು. ದೊಡ್ಡ ಕಾರ್ಖಾನೆ ಲಾರಿಯಲ್ಲಿ ಹದಿನಾಲ್ಕು ಗಂಟೆಯ ದಾರಿ. ಅದನ್ನು ನೋಟೀಸಿನಲ್ಲಿ ಬರೆದಿರಲಿಲ್ಲ. ಅಂಥದ್ದನ್ನೆಲ್ಲ ಯಾರು ಬರೆಯುತ್ತಾರೆ?

ಸೊಸೆ ಬೆಳಕು ಹರಿಯುತ್ತಲೇ ಸ್ಕೂಟರಿನಲ್ಲಿ ಬಂದು ಸಾಲು ಹಿಡಿದಿದ್ದಳು. ಅವಳಿಗೂ ಒಂದು ಹೆಸರಿದೆ, ಆದರೆ ಮದುವೆಯಾಗಿ ಬಂದ ಹನ್ನೊಂದು ವರ್ಷದಲ್ಲಿ ಅದನ್ನು ಬಳಸಿದವರು ಕಡಿಮೆ. ಎಲ್ಲರಿಗೂ ಅವಳು ಕೈಯಜ್ಜನ ಸೊಸೆ. ಕೈಯಜ್ಜ ಎಂದರೆ ಅವಳ ಮಾವ. ಕುರಿಯ ಹೊಟ್ಟೆಯಡಿ ಕೈಯಿಟ್ಟು ಅದು ಗಬ್ಬವೋ ಖಾಲಿಯೋ ಹೇಳುವುದರಲ್ಲಿ ಆ ಸೀಮೆಯಲ್ಲೇ ಅವರನ್ನು ಮೀರಿಸಿದವರಿಲ್ಲ. ಹೊಟ್ಟೆಯೊಳಗೆ ನೋಡುವ ಡಾಕ್ಟರ ಯಂತ್ರ ಬರುವ ಮೊದಲು, ಗಬ್ಬದ್ದನ್ನು ಕೊಯ್ಯಬಾರದೆಂದು ಈ ಕಸಾಯಿಖಾನೆಗೇ ಅವರನ್ನು ಕರೆಸುತ್ತಿದ್ದರು. ಯಂತ್ರ ಬಂದ ಮೇಲೆ ಒಂದು ವಾರ ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಿದರಂತೆ. ಎರಡು ಸಲ ಯಂತ್ರ ತಪ್ಪಿತು, ಅಜ್ಜ ತಪ್ಪಲಿಲ್ಲ. ಈ ಕತೆಯನ್ನು ಮಾವ ಹೇಳುವಾಗ ಎರಡು ಸಲ ಎನ್ನುವುದು ಒಮ್ಮೊಮ್ಮೆ ಐದಾಗುತ್ತಿತ್ತು, ಆ ಮಾತು ಬೇರೆ.

ಆ ದಿನ ಅವಳ ಕೈಚೀಲದಲ್ಲಿ ಒಂದು ಕಾಗದವಿತ್ತು. ಹಿಂದಿನ ದಿನ ಇಡೀ ಸರ್ಕಾರಿ ಕಚೇರಿಯ ಬೆಂಚು ಸವೆಸಿ ತಂದದ್ದು. ಏಳು ಮನೆಯವರು ಸೇರಿ ತಮ್ಮದೇ ಒಂದು ಸಣ್ಣ ಕಸಾಯಿಖಾನೆ ಕಟ್ಟಿಕೊಳ್ಳಬಹುದು, ಎರಡು ಕೊಠಡಿ ಮತ್ತು ಒಂದು ನೀರಿನ ತೊಟ್ಟಿ ಸಾಕು ಎಂದು ಸಾಹೇಬರು ಒಪ್ಪಿದ್ದರು. ಷರತ್ತು ಒಂದೇ. ಪ್ರತಿ ಮನೆಯಲ್ಲೂ ಕಡಿಮೆಯೆಂದರೆ ಹದಿನೈದು ತಾಯಿಕುರಿ ಇರಬೇಕು. ಸೋಮವಾರ ಬಂದು ಎಣಿಸುತ್ತಾರೆ, ಒಂದು ಮನೆಯಲ್ಲಿ ಒಂದು ಕಡಿಮೆಯಾದರೂ ಏಳೂ ಮನೆಯ ಅರ್ಜಿ ವಜಾ. ಅವಳ ಮನೆಯಲ್ಲಿ ಹತ್ತೊಂಬತ್ತಿದ್ದವು. ಆ ಹತ್ತೊಂಬತ್ತನ್ನು ಬೆಳೆಸಿದ್ದು ಅವಳೇ, ತಾನು ಬಂದಾಗ ಇದ್ದ ಆರರಿಂದ.

ಈ ವಿಷಯವನ್ನು ಅವಳು ಮಾವನಿಗೆ ಹೇಳಿರಲಿಲ್ಲ. ಹಿಂದೊಮ್ಮೆ ಉಣ್ಣೆ ಮಾರುವ ಸಂಘ ಕಟ್ಟಲು ಹೋಗಿ ಕೈ ಸುಟ್ಟುಕೊಂಡಿದ್ದಳು. ಆರು ವರ್ಷವಾದರೂ ಮಾವ ಅದನ್ನು ದಿನಕ್ಕೊಮ್ಮೆ ಎತ್ತಿ ಆಡುತ್ತಿದ್ದರು. ಕಾಗದ ಪಕ್ಕಾ ಆದ ಮೇಲೆ ಹೇಳಿದರಾಯಿತು ಎಂದುಕೊಂಡಿದ್ದಳು. ಬುದ್ಧಿವಂತೆ, ಆದರೆ ಹಟ ಜಾಸ್ತಿ. ಆ ಮನೆಯಲ್ಲಿ ಹಟವಿಲ್ಲದವರನ್ನು ಹುಡುಕಬೇಕೆಂದರೆ ದೊಡ್ಡಿಗೇ ಹೋಗಬೇಕು.

ಹೀಗಾಗಿ ಗುರುವಾರದ ಕೆಲಸವನ್ನೆಲ್ಲ ಮಾವ ಒಬ್ಬರೇ ಮಾಡಿದ್ದರು. ಕಳಿಸಬೇಕಾದ ಇಪ್ಪತ್ತೆರಡು ಮರಿಗಳನ್ನು ಬೇರೆ ಮಾಡಿ, ಬೆನ್ನಿಗೆ ಕೆಂಪು ಬಣ್ಣದ ಗೆರೆ ಎಳೆದು, ಮೇವು ಹಾಕದೆ ಹಿತ್ತಲಿನ ದೊಡ್ಡಿಯಲ್ಲಿ ಕೂಡಿಹಾಕುವುದು. ಕೊಯ್ಯುವ ಹಿಂದಿನ ದಿನ ಪ್ರಾಣಿ ಉಪವಾಸ ಇರಬೇಕು. ಬೆಳಿಗ್ಗೆ ಬಾಡಿಗೆ ಲಾರಿಯವನ ಜೊತೆ ಮಾವನೇ ತುಂಬಿಸಿ ತರುತ್ತಾರೆ, ತಾನು ಮುಂಚೆ ಹೋಗಿ ಟೋಕನ್ ಹಿಡಿಯುವುದು ಎಂದು ಮಾತಾಗಿತ್ತು.

ಒಂಬತ್ತರ ಹೊತ್ತಿಗೆ ಅವಳ ಸರದಿ ಬಂತು. ಗುಮಾಸ್ತ ಟೋಕನ್ ಕಾಗದ ಒಳಗೆಳೆದುಕೊಂಡು ಠಸ್ಸೆ ಒತ್ತಿದ.

"ಹತ್ತೊಂಬತ್ತು. ಇಲ್ಲೊಂದು ಸಹಿ ಹಾಕಮ್ಮ."

"ಇಪ್ಪತ್ತೆರಡು ಅಲ್ವಾ? ಸರಿಯಾಗಿ ನೋಡಿ."

"ನಾನೇ ನಿಂತು ಎಣಿಸಿದೀನಿ. ನಿಮ್ಮ ಮಾವ ಹಿಂದಿನ ಬಾಗಿಲಲ್ಲಿ ಇಳಿಸಿದ್ದು ಹತ್ತೊಂಬತ್ತು. ಲಾರಿ ಆಗ್ಲೇ ವಾಪಸ್ ಹೋಯ್ತು."

ಹತ್ತೊಂಬತ್ತು ಎನ್ನುವ ಸಂಖ್ಯೆ ಅವಳ ತಲೆಯಲ್ಲಿ ಒಂದು ಸುತ್ತು ಹೊಡೆಯಿತು. ಅಷ್ಟರಲ್ಲಿ ಗೋಡೆಯ ಆಚೆಯಿಂದ ಒಂದು ಗಂಟೆಯ ಸದ್ದು ಕೇಳಿತು. ಮರಿಗಳ ಕೊರಳಿಗೆ ಯಾರೂ ಗಂಟೆ ಕಟ್ಟುವುದಿಲ್ಲ. ಅವರ ಮಂದೆಯಲ್ಲಿ ಗಂಟೆ ಇದ್ದದ್ದು ಒಂದೇ ಕುರಿಗೆ.

"ಗಬ್ಬದ್ದು ಇದೆಯಾ ಅಂತ ಕೇಳಿದ್ರಾ ಅವರನ್ನ?"

ಗುಮಾಸ್ತ ಅವಳನ್ನು ವಿಚಿತ್ರವಾಗಿ ನೋಡಿದ. "ಎಲ್ಲರನ್ನೂ ಕೇಳ್ತೀನಿ. ಕೈಯಜ್ಜನ್ನ ಕೇಳೋಕಾಗುತ್ತಾ? ಅವರು ಗಬ್ಬದ ಕುರಿ ಕಳ್ಸೋರಾ?"

ಅವಳು ಸಹಿ ಹಾಕದೆ ಓಡಿದಳು.

ತೂಕದ ಕಟ್ಟೆ ದಾಟಿದರೆ ಸಿಮೆಂಟಿನ ಉದ್ದನೆಯ ಅಂಗಳ, ಅದರಲ್ಲಿ ಕಬ್ಬಿಣದ ಕೊಳವೆಗಳ ಆರು ದೊಡ್ಡಿ. ಒಂದೊಂದು ದೊಡ್ಡಿಯೂ ಮುಂದಿನದಕ್ಕೆ ತೆರೆದುಕೊಳ್ಳುತ್ತದೆ. ಕೊನೆಯದರ ಬಾಗಿಲು ಒಳಕ್ಕೆ. ಅವಳ ಕುರಿಗಳು ಮೂರನೆಯದರಲ್ಲಿದ್ದವು. ಹತ್ತೊಂಬತ್ತೂ ತಾಯಿಕುರಿ, ಹತ್ತೊಂಬತ್ತರ ಬೆನ್ನ ಮೇಲೂ ಕೆಂಪು ಗೆರೆ. ಎಲ್ಲಕ್ಕೂ ಮುಂದೆ ಯಜಮಾನಿ, ಕೊಳವೆಗಳ ನಡುವಿನಿಂದ ಮೂತಿ ಹೊರಗೆ ಹಾಕಿ ಅವಳನ್ನೇ ನೋಡುತ್ತ ನಿಂತಿತ್ತು. ಯಜಮಾನಿ ಎಂದರೆ ಮಂದೆಯ ಮುಂದಾಳು, ಎಡಗಿವಿ ಹರಿದ ಹಳೇ ಕುರಿ. ಎರಡು ವರ್ಷದಿಂದ ಮರಿ ಹಾಕಿರಲಿಲ್ಲ. ಅದು ನಡೆದರೆ ಉಳಿದವು ನಡೆಯುತ್ತವೆ, ಅದೊಂದೇ ಕಾರಣಕ್ಕೆ ಅದು ಮನೆಯಲ್ಲಿ ಉಳಿದಿತ್ತು. ಉಳಿದ ಹದಿನೆಂಟರ ಜೊತೆ ಟಗರು ಬಿಟ್ಟು ಎರಡೂವರೆ ತಿಂಗಳು. ಹೊಟ್ಟೆ ಇನ್ನೂ ಕಾಣುವ ಕಾಲವಲ್ಲ, ಉಣ್ಣೆ ಎಲ್ಲವನ್ನೂ ಮುಚ್ಚಿತ್ತು.

ಮಾವ ಗೋಡೆ ಬದಿಯ ಕಲ್ಲಿನ ಮೇಲೆ ಕೂತಿದ್ದರು. ಬೆರಳಿನ ಉಗುರುಗಳಲ್ಲಿ ಇನ್ನೂ ಕೆಂಪು ಬಣ್ಣವಿತ್ತು. ಅವರ ಒಂದು ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಅವಳಿಗೆ ಮೊದಲು ಹೊಳೆದದ್ದು ಅದೇ. ಸಿಟ್ಟಿಗಿಂತ ಮೊದಲು ಅಯ್ಯೋ ಅನ್ನಿಸಿತು.

"ಮಾವ, ಕಣ್ಣು ಕಾಣ್ಲಿಲ್ವಾ ನಿಮಗೆ? ಮರಿ ಬಿಟ್ಟು ತಾಯಿಕುರಿಗೆ ಬಣ್ಣ ಹಾಕಿದೀರ."

ಪಕ್ಕದ ದೊಡ್ಡಿಯ ಹತ್ತಿರ ನಿಂತಿದ್ದ ಹಂದಿ ಸಾಕುವವನು ಲೊಚಗುಟ್ಟಿದ. ವಯಸ್ಸಾಯ್ತು ಪಾಪ ಎಂದು ಯಾರಿಗೋ ಹೇಳಿದ. ಅದು ಮಾವನ ಕಿವಿಗೆ ಬಿತ್ತು. ಅವರ ಕಿವಿ ಚೆನ್ನಾಗಿಯೇ ಇತ್ತು.

"ಕಣ್ಣಿಂದ ಯಾವತ್ತು ಕುರಿ ಆರಿಸಿದೀನಿ ನಾನು?" ಎಂದರು ಮಾವ. "ತಪ್ಪಾಗಿಲ್ಲ. ತಿಳಿದೇ ಮಾಡಿದೀನಿ."

ಅವಳು ಕುರಿಗಳ ಬೆನ್ನಿನ ಗೆರೆಗಳನ್ನು ಮತ್ತೊಮ್ಮೆ ನೋಡಿದಳು.

"ಮರಿಗಳು ಸಂತೆಯಲ್ಲಿ ಹೋಗ್ತವೆ," ಎಂದರು ಮಾವ, ನೆಲ ನೋಡುತ್ತ. "ಕಡಿಮೆಗಾದ್ರೂ ಹೋಗ್ತವೆ. ತಾಯಿಕುರಿ ಇದ್ರೆ ಮತ್ತೆ ಮರಿ ಆಗುತ್ತೆ. ಅವನ್ನ ಎಲ್ಲಿಗೆ ಒಯ್ತೀಯ? ಹದಿನಾಲ್ಕು ಗಂಟೆ ಲಾರಿಯಲ್ಲಿ ಒಯ್ತೀಯಾ? ಈ ಕಟ್ಟಡ ಆಗೋಕೆ ಮುಂಚೆ ನಾನು ಒಂದ್ಸಲ ಒಯ್ದಿದೀನಿ. ನಲವತ್ತು ತುಂಬಿಸಿದ್ದೆ. ಬೇಸಿಗೆ. ಇಳಿಸುವಾಗ ಹನ್ನೊಂದು ಸತ್ತಿದ್ವು. ಉಳಿದವು ಅವುಗಳ ಮೇಲೇ ನಿಂತಿದ್ವು. ಬೇರೆ ಜಾಗ ಇರ್ಲಿಲ್ಲ ಅವಕ್ಕೆ. ಅದನ್ನ ನಾನು ಇನ್ನೊಂದ್ಸಲ ನೋಡಲಾರೆ. ಇಲ್ಲಿ ಹತ್ತಿರದಲ್ಲೇ, ನಮ್ಮ ಹುಡುಗನ ಕೈಯಲ್ಲೇ, ಒಂದು ಕ್ಷಣದಲ್ಲಿ ಮುಗಿದು ಹೋಗ್ಲಿ ಅಂತ."

ನಮ್ಮ ಹುಡುಗ ಎಂದರೆ ಅವರ ಮಗ, ಅವಳ ಗಂಡ. ಹದಿನೈದು ವರ್ಷದಿಂದ ಒಳಗೆ ಚೂರಿ ಹಿಡಿಯುವವನು ಅವನೇ.

"ಗಬ್ಬದ ಕುರಿ," ಎಂದಳು ಅವಳು. "ನೀವು, ಮಾವ. ಗಬ್ಬದ ಕುರಿ ಕಳಿಸಿದೀರ."

ಮಾವ ಮುಖ ತಿರುಗಿಸಿದರು. ಅವಳು ಚೀಲದಿಂದ ಕಾಗದ ತೆಗೆದು ಅವರ ಮುಖದ ಮುಂದೆ ಹಿಡಿದಳು. ಅವರಿಗೆ ಅದು ಓದಲು ಬರುವುದಿಲ್ಲ ಎನ್ನುವುದು ನೆನಪಾಗಿ ತಾನೇ ಹೇಳಿದಳು. ಏಳು ಮನೆ, ಎರಡು ಕೊಠಡಿ, ಹದಿನೈದು ಕುರಿ, ಸೋಮವಾರ. ಮಾವ ಉಗುರಿನ ಬಣ್ಣ ಕೆರೆಯುತ್ತ ಕೇಳಿದರು.

"ಇದನ್ನ ಯಾವಾಗ ಹೇಳ್ಬೇಕು ಅಂತಿದ್ದೆ?"

"ಇವತ್ತು ಸಂಜೆ."

"ನಾನೂ ಇವತ್ತು ಸಂಜೇನೇ ಹೇಳ್ಬೇಕು ಅಂತಿದ್ದೆ," ಎಂದರು ಮಾವ.

ನಾಲ್ಕನೆಯ ದೊಡ್ಡಿಯ ಬಾಗಿಲು ಕಿರ್ರೆಂದು ತೆರೆಯಿತು. ಮೇಲ್ವಿಚಾರಕ ಕೈ ತಟ್ಟುತ್ತ ಕುರಿಗಳನ್ನು ಮುಂದಕ್ಕೆ ಬಿಡುತ್ತಿದ್ದ. ಯಜಮಾನಿ ನಡೆಯಿತು, ಗಂಟೆ ಸದ್ದು ಮಾಡಿತು, ಉಳಿದ ಹದಿನೆಂಟೂ ಅದರ ಹಿಂದೆ ನಡೆದವು. ಇನ್ನು ಮೂರು ಬಾಗಿಲು ಉಳಿದಿದ್ದವು.

ಅವಳು ಪಕ್ಕದ ಸಣ್ಣ ಬಾಗಿಲಿಗೆ ಹೋಗಿ ಗಂಡನನ್ನು ಕೂಗಿದಳು. ಅವನು ರಬ್ಬರಿನ ಉದ್ದ ಬೂಟು, ಬಿಳಿ ಅಂಗಿ ಹಾಕಿಕೊಂಡು ಹೊರಗೆ ಬಂದ. ಹೇಳಿದ್ದನ್ನು ಕೇಳಿ ಅವನು ಮೊದಲು ಅಂದದ್ದು, "ಅಪ್ಪ ಗುರುತು ಹಾಕಿದ್ಮೇಲೆ ನಾನು ಏನು ಹೇಳ್ಲಿ?" ಎಂದು. ನಲವತ್ತು ದಾಟಿದರೂ ಅಪ್ಪನೆದುರು ಅವನು ಇನ್ನೂ ಹತ್ತು ವರ್ಷದ ಹುಡುಗ. ಆಮೇಲೆ ಅಂಗಳದ ಕಡೆ ನೋಡಿದ. ಯಜಮಾನಿಯನ್ನು ನೋಡಿದ. ಅದನ್ನು ಮರಿಯಾಗಿದ್ದಾಗ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದವನು ಅವನೇ.

"ಡಾಕ್ಟರಮ್ಮನ್ನ ಹುಡುಕು," ಎಂದ. "ನಾನು ಚೂರಿ ಮಸೀಬೇಕು."

ಅವನು ಚೂರಿ ಮಸೆಯಲು ಹೋದ. ಅಂಥ ಮಸೆತವನ್ನು ಆ ಕಸಾಯಿಖಾನೆ ಕಂಡಿರಲಿಲ್ಲ. ಒಂದು ಚೂರಿ ಮಸೆದ, ಬೆಳಕಿಗೆ ಹಿಡಿದ, ತೃಪ್ತಿಯಾಗದೆ ಮತ್ತೆ ಮಸೆದ. ಇನ್ನೊಂದು ಚೂರಿ ತೆಗೆದ. ಮೇಲ್ವಿಚಾರಕ ಬಂದು, ಕೊನೇ ದಿನ ಮದುವೆ ತಯಾರಿ ಮಾಡ್ತಿದೀಯಾ ಎಂದು ರೇಗಿದ. ಕೊನೇ ದಿನ ಅಲ್ವಾ ಸಾರ್, ಚೆನ್ನಾಗಿ ಮಾಡೋಣ ಅಂತ, ಎಂದು ಅವನು ಕಲ್ಲಿನ ಮೇಲೆ ನೀರು ಚಿಮುಕಿಸಿದ.

ಕಸಾಯಿಖಾನೆಯ ಪಶುವೈದ್ಯೆ ಡಾಕ್ಟರಮ್ಮ ತನ್ನ ಕೋಣೆಯಲ್ಲಿ ಕಡತಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು. ಗೋಡೆಯ ಮೇಲೆ ಕ್ಯಾಲೆಂಡರ್ ಇದ್ದ ಜಾಗ ಬೆಳ್ಳಗೆ ಉಳಿದಿತ್ತು. ಸೊಸೆ ಹೇಳಿದ್ದನ್ನೆಲ್ಲ ಅವಳು ನಿಂತುಕೊಂಡೇ ಕೇಳಿದಳು.

"ಒಳಗೆ ಬಂದದ್ದನ್ನ ಹೊರಗೆ ಬಿಡೋ ಹಾಗಿಲ್ಲ. ಅದು ನಿಮಗೂ ಗೊತ್ತು."

"ಗಬ್ಬ ಆಗಿದ್ರೆ ಬಿಡಬಹುದಲ್ವಾ?"

"ಬಿಡಬಹುದು. ಒಂಬತ್ತು ವರ್ಷದಲ್ಲಿ ಎರಡೇ ಸಲ ಬಿಟ್ಟಿದೀನಿ. ಆದ್ರೆ ಗಬ್ಬ ಅಂತ ನಾನು ಹೇಗೆ ಬರೀಲಿ? ಯಂತ್ರ ಸೋಮವಾರವೇ ಕಟ್ಟಿ ಕಳಿಸಿಬಿಟ್ರು." ಡಾಕ್ಟರಮ್ಮ ಒಂದು ಗಳಿಗೆ ತಡೆದಳು. "ನಿಮ್ಮ ಮಾವ ಬಂದಿದಾರಾ?"

ಬಂದಿದ್ದಾರೆ ಎಂದಳು ಸೊಸೆ. ಕುರಿಗಳನ್ನು ಸಾಯಲು ತಂದವರ ಕೈಯೇ ಈಗ ಅವುಗಳನ್ನು ಬಿಡಿಸಬೇಕಿತ್ತು. ಆ ಕೈ ಖಾಲಿ ಎಂದರೆ ಮುಗಿಯಿತು. ಅದರ ಮೇಲೆ ಮೇಲ್ಮನವಿ ಇಲ್ಲ.

ಡಾಕ್ಟರಮ್ಮ ಅಂಗಳಕ್ಕೆ ಬರುವಷ್ಟರಲ್ಲಿ ಕುರಿಗಳು ಕೊನೆಯ ದೊಡ್ಡಿಯಲ್ಲಿದ್ದವು. ಸುದ್ದಿ ಆಗಲೇ ಹರಡಿತ್ತು. ಟೋಕನ್ ಹಿಡಿದು ನಿಂತಿದ್ದ ರೈತರೆಲ್ಲ ಕೊಳವೆಗಳ ಸುತ್ತ ಬಂದು ನಿಂತರು. ಅವರ ಸರದಿ ತಡವಾಗುತ್ತಿತ್ತು, ಆದರೂ ಯಾರೂ ಗೊಣಗಲಿಲ್ಲ. ಹಂದಿಯ ಜೊತೆ ಕುರಿಯನ್ನೂ ಸಾಕಿದ್ದ ಆ ಹಂದಿಯವನೂ ಏಳು ಮನೆಯ ಪೈಕಿ ಒಬ್ಬ. ಅವನ ಮುಖ ಸುಣ್ಣವಾಗಿತ್ತು.

"ಅಜ್ಜ, ಇವು ಗಬ್ಬವಾ?" ಡಾಕ್ಟರಮ್ಮ ಕೇಳಿದಳು.

"ನನ್ನ ಕುರಿ ನಾನೇ ನೋಡೋದು ಸರಿಯಲ್ಲಮ್ಮ."

"ನಾನು ನಿಮ್ಮನ್ನ ಕೇಳ್ತಿಲ್ಲ. ನಿಮ್ಮ ಕೈಯನ್ನ ಕೇಳ್ತಿದೀನಿ. ಅದು ಹೇಳಿದ್ದಕ್ಕೆ ಸಹಿ ಹಾಕ್ತೀನಿ."

ಮಾವ ಎದ್ದರು. ಕೊಳವೆ ಹಿಡಿದು ನಿಧಾನವಾಗಿ ಒಳಗೆ ಇಳಿದರು. ತೊಟ್ಟಿಯ ನೀರಿನಲ್ಲಿ ಕೈ ತೊಳೆದು ಅಂಗಿಗೆ ಒರೆಸಿದರು. ಸೊಸೆಯ ಕಡೆ ನೋಡಲಿಲ್ಲ. ಮೊದಲ ಕುರಿಯನ್ನು ಮೊಣಕಾಲಿಗೆ ಒರಗಿಸಿಕೊಂಡು ಕೆಚ್ಚಲಿನ ಮುಂದೆ ಅಂಗೈ ಇಟ್ಟು ಹೊಟ್ಟೆಯನ್ನು ಮೇಲಕ್ಕೆ ಮೆಲ್ಲಗೆ ಎತ್ತಿ ಬಿಟ್ಟರು. ಒಳಗೆ ಏನಾದರೂ ಇದ್ದರೆ ಅದು ತೇಲಿಹೋಗಿ ಮರಳಿ ಬಂದು ಬೆರಳಿಗೆ ತಾಗುತ್ತದೆ. ಉಪವಾಸವಿದ್ದ ಕುರಿಯಲ್ಲಿ ಇನ್ನೂ ಸ್ಪಷ್ಟ. ಎರಡು ಸಲ ಎತ್ತಿ ಬಿಟ್ಟರು. ಒಳಗಿನಿಂದ ಚೂರಿ ಮಸೆಯುವುದು ಕೇಳುತ್ತಿತ್ತು.

"ಇದೆ," ಎಂದರು ಮಾವ.

ಡಾಕ್ಟರಮ್ಮ ಗೀಟು ಎಳೆದಳು. ಎರಡನೆಯದೂ ಇದೆ, ಮೂರನೆಯದೂ ಇದೆ. ನಾಲ್ಕನೆಯದಕ್ಕೆ ಮಾವ ಮೂರು ಸಲ ಕೈಯಿಟ್ಟು ತಲೆ ಆಡಿಸಿದರು. "ಖಾಲಿ." ಮೇಲ್ವಿಚಾರಕ ಅದನ್ನು ಬೇರೆ ನಿಲ್ಲಿಸಿದ. ಈ ಮುದುಕ ಒಂದು ಕೂದಲೆಳೆಯಷ್ಟು ಸಡಿಲ ಬಿಟ್ಟರೇನು ಗಂಟು ಹೋಗುತ್ತದೆ ಎಂದು ಸೊಸೆ ಮನಸ್ಸಿನಲ್ಲೇ ಬೈದಳು. ಮಾವ ಬಿಡಲಿಲ್ಲ. ಹನ್ನೊಂದನೆಯದು ಖಾಲಿ. ಹದಿಮೂರನೆಯದು ಖಾಲಿ, ಅದು ಅವಳಿಗೆ ಬಹಳ ಪ್ರೀತಿಯ ಕುರಿ. ಹದಿನೆಂಟನೆಯದೂ ಖಾಲಿ. ಅಲ್ಲಿಗೆ ನಾಲ್ಕಾಯಿತು.

ಉಳಿದದ್ದು ಯಜಮಾನಿ ಒಂದೇ.

ಮಾವ ಸೊಂಟ ಹಿಡಿದುಕೊಂಡು ನೆಟ್ಟಗಾದರು. ಈಗ ಮೊದಲ ಸಲ ಸೊಸೆಯ ಮುಖ ನೋಡಿದರು.

"ಎಷ್ಟಾಯ್ತು?"

"ಹದಿನಾಲ್ಕು," ಎಂದಳು ಅವಳು.

ಮಾವ ಯಜಮಾನಿಯ ಹತ್ತಿರ ಹೋದರು. ಅದು ಅವರ ಕೈ ಮೂಸಿ ಸುಮ್ಮನೆ ನಿಂತಿತು. ಹೊಟ್ಟೆಯಡಿ ಅಂಗೈ ಇಟ್ಟರು, ಎತ್ತಿದರು, ಬಿಟ್ಟರು. ಮತ್ತೆ ಎತ್ತಿದರು. ಹದಿನೆಂಟು ಕುರಿಗೂ ಸೇರಿ ತೆಗೆದುಕೊಳ್ಳದಷ್ಟು ಹೊತ್ತು ಆ ಕೈ ಅಲ್ಲಿತ್ತು. ಒಳಗೆ ಚೂರಿ ಮಸೆಯುವುದು ನಿಂತಿತು. ಗಂಡ ಸಣ್ಣ ಬಾಗಿಲಿನಲ್ಲಿ ಬಂದು ನಿಂತಿದ್ದ. ಐವತ್ತು ವರ್ಷ ಆ ಕೈ ಯಾರ ಮುಲಾಜಿಗೂ ಒಳಗಾಗಿರಲಿಲ್ಲ, ಬೀಗರ ಕುರಿಗೂ ಖಾಲಿಯಿದ್ದರೆ ಖಾಲಿ ಎಂದಿತ್ತು. ಅದಕ್ಕಾಗಿ ಒಮ್ಮೆ ಬೀಗರು ಎರಡು ವರ್ಷ ಮಾತು ಬಿಟ್ಟಿದ್ದರು.

"ಇದೆ," ಎಂದರು ಮಾವ.

ಡಾಕ್ಟರಮ್ಮನ ಪೆನ್ನು ಕಾಗದದ ಮೇಲೆ ನಿಂತಿತು. ಅವಳು ಬಗ್ಗಿ ಯಜಮಾನಿಯ ತುಟಿ ಎತ್ತಿ ಹಲ್ಲು ನೋಡಿದಳು. ಮುಂದಿನ ಹಲ್ಲುಗಳಲ್ಲಿ ಮೂರು ಇರಲೇ ಇಲ್ಲ.

"ಈ ವಯಸ್ಸಲ್ಲಿ?"

"ಹೂಂ."

"ಒಂದಾ, ಎರಡಾ ಅಜ್ಜ?"

ಮಾವ ಗಂಟಲು ಸರಿಮಾಡಿಕೊಂಡರು. "ಒಂದು."

ಡಾಕ್ಟರಮ್ಮ ಅವರ ಮುಖವನ್ನೇ ನೋಡಿದಳು. ಸೊಸೆಯನ್ನೂ ಒಮ್ಮೆ ನೋಡಿದಳು. ಆಮೇಲೆ ಗೀಟು ಎಳೆದು, ಕೆಳಗೆ ಹದಿನೈದು ಎಂದು ಬರೆದು ಸಹಿ ಹಾಕಿದಳು. ಆ ಕಸಾಯಿಖಾನೆಯಲ್ಲಿ ಅವಳು ಹಾಕಿದ ಕೊನೆಯ ಸಹಿಗಳಲ್ಲಿ ಅದೂ ಒಂದು.

ಬಾಗಿಲುಗಳನ್ನು ಒಂದೊಂದಾಗಿ ಹಿಂದಕ್ಕೆ ತೆರೆದರು. ಯಜಮಾನಿ ಗಂಟೆ ಅಲ್ಲಾಡಿಸುತ್ತ ಬಂದ ದಾರಿಯಲ್ಲೇ ಹೊರಗೆ ನಡೆಯಿತು, ಹದಿನಾಲ್ಕು ಅದರ ಹಿಂದೆ. ಗುಮಾಸ್ತ ಕಿಟಕಿ ಬಿಟ್ಟು ಬಂದು ತಾನೇ ಗೇಟು ಹಿಡಿದು ನಿಂತ. ಖಾಲಿ ಎನಿಸಿಕೊಂಡ ನಾಲ್ಕು ಕುರಿಗಳು ಯಜಮಾನಿ ಹೋದ ದಿಕ್ಕಿಗೆ ತಿರುಗಿ ಕೂಗುತ್ತಿದ್ದವು. ಸೊಸೆ ಆ ಕಡೆ ನೋಡದೆ ಹೊರಗೆ ಬಂದಳು. ಗಂಡ ಆ ನಾಲ್ಕನ್ನು ಕಾಯಿಸಲಿಲ್ಲ, ಚೂರಿ ಚೆನ್ನಾಗಿ ಮಸೆದಿತ್ತು ಎಂದು ಆಮೇಲೆ ಹೇಳಿದ.

ಸೊಸೆ ಸ್ಕೂಟರನ್ನು ಗಂಡನಿಗೆ ಬಿಟ್ಟಳು. ಲಾರಿ ಇರಲಿಲ್ಲವಾದ್ದರಿಂದ ಮಾವ ಮತ್ತು ಸೊಸೆ ಕುರಿಗಳನ್ನು ನಡೆಸಿಕೊಂಡೇ ಮನೆಗೆ ಬಂದರು. ಎರಡು ಗಂಟೆಯ ದಾರಿ. ಮಾವ ಬಲಗೈಯನ್ನು ಜೇಬಿನಲ್ಲಿ ಇಟ್ಟವರು ಹೊರಗೆ ತೆಗೆಯಲಿಲ್ಲ. ಮನೆಯಲ್ಲಿ ಇಪ್ಪತ್ತೆರಡು ಮರಿಗಳು ಹಸಿದು ಅರಚುತ್ತಿದ್ದವು. ಅವುಗಳ ಗತಿ ಏನು ಎನ್ನುವುದು ಇನ್ನೂ ಯಾರಿಗೂ ಗೊತ್ತಿರಲಿಲ್ಲ.

ಕುರಿಗಳಿಗೆ ನೀರು ಕುಡಿಸಿ ಸೊಸೆ ದೊಡ್ಡಿಯ ಬಾಗಿಲು ಹಾಕುವಾಗ ಮಾವ, "ಬಾ ಇಲ್ಲಿ," ಎಂದರು. ಯಜಮಾನಿಯನ್ನು ಮೊಣಕಾಲಿಗೆ ಒರಗಿಸಿಕೊಂಡಿದ್ದರು. ಅವಳ ಕೈ ಹಿಡಿದು ಎಳೆದು ಅದರ ಹೊಟ್ಟೆಯಡಿ ಇಟ್ಟರು. ಹನ್ನೊಂದು ವರ್ಷದಲ್ಲಿ ಆ ವಿದ್ಯೆಯನ್ನು ಅವರು ಅವಳಿಗಾಗಲಿ ಮಗನಿಗಾಗಲಿ ಹೇಳಿಕೊಟ್ಟಿರಲಿಲ್ಲ. ಕೇಳಿದಾಗಲೆಲ್ಲ, ಬರೋರಿಗೆ ಬರುತ್ತೆ ಎಂದು ಹಾರಿಸುತ್ತಿದ್ದರು.

"ಎತ್ತು. ಬಿಡು. ಏನಾದ್ರೂ ಬಂತಾ?"

"ಇಲ್ಲ."

"ಖಾಲಿ ಅಂದ್ರೆ ಹೀಗಿರುತ್ತೆ. ಇದನ್ನ ಮೊದಲು ಕಲಿ. ನಾಳೆಯಿಂದ ಯಾರಾದ್ರೂ ಕರೆಯೋಕೆ ಬಂದ್ರೆ ನೀನು ಹೋಗ್ಬೇಕು. ನನ್ನ ಕೈಯನ್ನ ಇನ್ನು ಯಾರೂ ಕೇಳಬಾರದು."

"ಮಾವ, ನನಗೋಸ್ಕರ..." ಎಂದಳು.

"ಕೈ ಅಲ್ಲಾಡಿಸಬೇಡ," ಎಂದರು ಮಾವ. ಇನ್ನೊಂದು ಕುರಿಯನ್ನು ಎಳೆದುಕೊಂಡು ಅವಳ ಕೈಯನ್ನು ಅದರ ಅಡಿಯಲ್ಲಿ ಇಟ್ಟರು. "ಇದು ಗಬ್ಬ. ಸಿಕ್ತಾ?"

ಅವಳಿಗೆ ಬೆಚ್ಚಗಿನ ಚರ್ಮವಲ್ಲದೆ ಬೇರೇನೂ ತಿಳಿಯಲಿಲ್ಲ. ಅವರನ್ನು ನೋಯಿಸಬಾರದೆಂದು, "ಸಿಕ್ತು," ಎಂದಳು.

"ಸುಳ್ಳು ಹೇಳ್ಬೇಡ. ಈ ಮನೆಗೆ ದಿನಕ್ಕೊಂದು ಸಾಕು."

ಅವಳು ಕಣ್ಣು ಮುಚ್ಚಿ ಮತ್ತೆ ಎತ್ತಿ ಬಿಟ್ಟಳು. ಮೂರನೆಯ ಸಲ ಏನೋ ಸಣ್ಣದೊಂದು ತೇಲಿಹೋಗಿ, ಮರಳಿ ಬಂದು ಅವಳ ಬೆರಳಿಗೆ ತಾಗಿತು. ಮಾವ ಅವಳ ಮುಖ ನೋಡಿ, ಸರಿ ಎಂದು ತಲೆ ಆಡಿಸಿ, ಮರಿಗಳಿಗೆ ಮೇವು ಹಾಕಲು ಹೋದರು.